ಶೇ. 15ರಿಂದ ಶೇ. 95ಕ್ಕೆ: ಒಂದೇ ಕೈಯ ಅಣು ಕಟ್ಟುವವರಿಗೆ ಹನ್ನೆರಡು ಸೂತ್ರಗಳು

ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯ ಸ್ಟ್ರಿಪ್ಪನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ನೆಗಡಿಗೆ ಕೊಟ್ಟದ್ದು ಲೆವೊಸೆಟಿರಿಜಿನ್. ಎದೆಯುರಿಗೆ ಎಸೊಮೆಪ್ರಜೋಲ್. ಅಪ್ಪನ ಬಿಪಿಗೆ ಎಸ್-ಆಮ್ಲೊಡಿಪಿನ್. ಹೆಸರಿನ ಮುಂದೆ ಅಂಟಿಕೊಂಡಿರುವ ‘ಲೆವೊ’, ‘ಎಸ್’ ಎಂಬ ತುಣುಕುಗಳು ಅಂದಕ್ಕೆ ಇಟ್ಟವಲ್ಲ. ಈ ಔಷಧದ ಅಣುವಿಗೆ ಎಡಗೈ, ಬಲಗೈಗಳಂಥ ಎರಡು ರೂಪಗಳಿವೆ, ಈ ಮಾತ್ರೆಯಲ್ಲಿ ಅವೆರಡರಲ್ಲಿ ಒಂದೇ ಇದೆ ಎಂದು ಅವು ಹೇಳುತ್ತವೆ.

ಎರಡೂ ಕೈಗೆ ಐದೈದೇ ಬೆರಳು. ಆದರೂ ಎಡಗೈ ಗ್ಲೌಸು ಬಲಗೈಗೆ ಕೂರುವುದಿಲ್ಲ. ನಮ್ಮ ಮೈಯೊಳಗಿನ ಕಿಣ್ವಗಳು, ಪ್ರೋಟೀನುಗಳೆಲ್ಲ ಅಂಥ ಗ್ಲೌಸುಗಳೇ. ಅಡುಗೆಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಸಬ್ಬಸಿಗೆ ಬೀಜವನ್ನು ಅಂಗೈಯಲ್ಲಿ ಉಜ್ಜಿ ಮೂಸಿ, ಆಮೇಲೆ ಸ್ಪಿಯರ್‌ಮಿಂಟ್ ಎಲೆಯನ್ನು ಮೂಸಿ. ಎರಡರ ಘಮಕ್ಕೂ ಮುಖ್ಯ ಕಾರಣ ಕಾರ್ವೋನ್ ಎಂಬ ಒಂದೇ ಪದಾರ್ಥ. ಬೀಜದಲ್ಲಿರುವುದು ಅದರ ಒಂದು ಕೈ, ಎಲೆಯಲ್ಲಿರುವುದು ಇನ್ನೊಂದು. ಮೂಗಿಗೆ ಎರಡೂ ಬೇರೆ ಬೇರೆ.

ಫ್ಲಾಸ್ಕಿಗೆ ಮಾತ್ರ ಈ ವ್ಯತ್ಯಾಸ ತಿಳಿಯದು. ಸಾದಾ ರಿಯಾಕ್ಷನ್ ಹಾಕಿದರೆ ಎರಡೂ ಕೈಗಳು ಅರ್ಧಕ್ಕರ್ಧ ಬರುತ್ತವೆ. ಅದಕ್ಕೆ ರೇಸಿಮೇಟ್ ಎನ್ನುತ್ತೇವೆ. ಬೇಕಾದ ಒಂದೇ ಕೈಯನ್ನು ಕಟ್ಟುವ ವಿದ್ಯೆಯೇ ಅಸಮ್ಮಿತ ಸಂಶ್ಲೇಷಣೆ. ಅದರಲ್ಲಿ ಎಷ್ಟು ಗೆದ್ದೆವು ಎನ್ನುವುದಕ್ಕೆ ಅಳತೆ ಇ.ಇ., ಅಂದರೆ ಒಂದು ಕೈ ಇನ್ನೊಂದಕ್ಕಿಂತ ನೂರಕ್ಕೆ ಎಷ್ಟು ಹೆಚ್ಚಿದೆ ಎಂಬ ಲೆಕ್ಕ. 97.5ಕ್ಕೆ 2.5 ಬಂದರೆ ಇ.ಇ. ಶೇ. 95. ನಮ್ಮ ಲ್ಯಾಬುಗಳಲ್ಲಿ ಬೆಳಗ್ಗೆ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ‘ತಿಂಡಿ ಆಯ್ತಾ’ ಅಲ್ಲ, ‘ಇ.ಇ. ಎಷ್ಟು ಬಂತು’.

ಈ ಕ್ಷೇತ್ರಕ್ಕೆ ಕಾಲಿಡುತ್ತಿರುವ ಹುಡುಗ ಹುಡುಗಿಯರಿಗೆ ನಾನು ಯಾವಾಗಲೂ ಹೇಳುವುದು ವಿಲಿಯಂ ನೋಲ್ಸ್ ಅವರ ಕಥೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೊನ್ಸಾಂಟೊ ಕಂಪನಿಯ ಕೆಮಿಸ್ಟ್. 1968ರಲ್ಲಿ ಅವರ ಫ್ಲಾಸ್ಕಿನಲ್ಲಿ ಬಂದದ್ದು ಶೇ. 15. ಆರೇ ವರ್ಷಗಳಲ್ಲಿ ಅದೇ ವಿದ್ಯೆಯಿಂದ ಪಾರ್ಕಿನ್ಸನ್ಸ್ ಕಾಯಿಲೆಯ ಔಷಧ ಎಲ್-ಡೋಪಾ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಕೆಳಗಿನ ಸೂತ್ರಗಳಲ್ಲಿ ಹೆಚ್ಚಿನವು ಆ ಆರು ವರ್ಷಗಳಿಂದ ಹೆಕ್ಕಿದವು. ಉಳಿದವು ಬೇರೆ ದೊಡ್ಡವರಿಂದ ಕಲಿತದ್ದು, ಒಂದೆರಡು ನನ್ನ ಬೆಂಚಿನ ಮೇಲೆ ಆದದ್ದು.

1. ಕೈ ನಿಜವಾಗಿ ಮುಖ್ಯವಾಗಿರುವ ಅಣುವನ್ನು ಆರಿಸಿ

ಎಲ್-ಡೋಪಾ ಅಂಥದ್ದು. ಪಾರ್ಕಿನ್ಸನ್ಸ್ ರೋಗಿಯ ಮಿದುಳಿನಲ್ಲಿ ಕಡಿಮೆಯಾದ ಡೋಪಮೈನ್ ಅನ್ನು ಅದು ತುಂಬಿಕೊಡುತ್ತದೆ. 1960ರ ದಶಕದಲ್ಲಿ ನ್ಯೂಯಾರ್ಕಿನ ಜಾರ್ಜ್ ಕೊಟ್ಸಿಯಾಸ್ ದಿನಕ್ಕೆ ಗ್ರಾಂಗಟ್ಟಲೆ ಕೊಟ್ಟು ಅದರ ಗುಣವನ್ನು ತೋರಿಸಿದರು. ಮೊದಲು ಕೊಟ್ಟದ್ದು ಎರಡೂ ಕೈ ಬೆರೆತ ಡೋಪಾ. ಕೆಲವು ರೋಗಿಗಳಲ್ಲಿ ಬಿಳಿ ರಕ್ತಕಣ ಕುಸಿಯಿತು. ಎಡಗೈ ರೂಪವನ್ನಷ್ಟೇ ಕೊಡಲು ತೊಡಗಿದ ಮೇಲೆ ಆ ತೊಂದರೆ ತಪ್ಪಿತು. ಇಲ್ಲಿ ಕೈ ಎಂಬುದು ಪುಸ್ತಕದ ಮಾತಲ್ಲ, ರೋಗಿಯ ರಕ್ತದ ಮಾತು.

ಇದೇ ಎಲ್-ಡೋಪಾ ನಮ್ಮ ಬೇಲಿಯಲ್ಲೂ ಇದೆ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿಯ ಬೀಜದಿಂದ ಅದನ್ನು ಬೇರ್ಪಡಿಸಿದ ವರದಿಯನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಮದ್ರಾಸಿನ ವಿಜ್ಞಾನಿಗಳು 1937ರಲ್ಲೇ ಪ್ರಕಟಿಸಿದ್ದರು. ಬಳ್ಳಿಗೆ ತನಗೆ ಬೇಕಾದ ಕೈ ಯಾವುದೆಂದು ಗೊತ್ತಿದೆ. ಅದನ್ನು ಫ್ಲಾಸ್ಕಿಗೆ ಕಲಿಸುವುದು ನಮ್ಮ ಕೆಲಸ.

ಅಣುವನ್ನು ಆರಿಸುವಾಗ ಇನ್ನೊಂದನ್ನೂ ನೋಡಿ: ಕಟ್ಟಿದ ಕೈ ಮೈಯೊಳಗೆ ಹಾಗೇ ಉಳಿಯುತ್ತದೆಯೇ? ಥಾಲಿಡೊಮೈಡ್ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂತು, ಬಸುರಿಯರು ನುಂಗಿದರು, ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದವು, 1961ರ ನವೆಂಬರಿನಲ್ಲಿ ಹಿಂತೆಗೆದರು. ‘ಒಳ್ಳೆಯ ಕೈಯನ್ನಷ್ಟೇ ಕೊಟ್ಟಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ’ ಎಂದು ಪಾಠ ಮಾಡುವವರೂ ಇದ್ದಾರೆ. ಅದು ತಪ್ಪು. ಥಾಲಿಡೊಮೈಡಿನ ಎರಡು ಕೈಗಳು ದೇಹದೊಳಗೆ ಒಂದಕ್ಕೊಂದು ಬದಲಾಗುತ್ತಲೇ ಇರುತ್ತವೆ. ಒಂದನ್ನೇ ಕೊಟ್ಟರೂ ಸ್ವಲ್ಪ ಹೊತ್ತಿಗೆ ಎರಡೂ ಇರುತ್ತವೆ. ಇಂಥ ಅಣುವಿನ ಮೇಲೆ ಮೂರು ವರ್ಷ ಕಳೆಯುವ ಮೊದಲು, ಅದನ್ನು 37 ಡಿಗ್ರಿಯ ಬಫರಿನಲ್ಲಿ ಒಂದು ರಾತ್ರಿ ಇಟ್ಟು ನೋಡಿ.

2. ಸಣ್ಣ ಅಂಕಿಯನ್ನು ಎಸೆಯಬೇಡಿ

ಶೇ. 15 ಎಂದರೆ 57.5ಕ್ಕೆ 42.5. ಹೆಚ್ಚುಕಡಿಮೆ ಅರ್ಧಕ್ಕರ್ಧವೇ. ನೋಟ್‌ಬುಕ್ಕಿನಲ್ಲಿ ‘ಕೆಲಸ ಮಾಡಲಿಲ್ಲ’ ಎಂದು ಬರೆದು ಮುಂದೆ ಹೋಗಬಹುದಿತ್ತು. ನೋಲ್ಸ್ ಹಾಗೆ ಮಾಡಲಿಲ್ಲ. ತಾನು ಹಾಕಿದ ಕೈಯುಳ್ಳ ವೇಗವರ್ಧಕ ತನ್ನ ಕೈಯನ್ನು ಇನ್ನೊಂದು ಅಣುವಿಗೆ ದಾಟಿಸಬಲ್ಲದು ಎಂಬುದು ಆ 15ರಲ್ಲೇ ಸಾಬೀತಾಗಿತ್ತು. ಶೂನ್ಯಕ್ಕೂ 15ಕ್ಕೂ ನಡುವಿನ ದೂರವೇ ದೊಡ್ಡದು, 15ರಿಂದ 95ಕ್ಕೆ ಹೋಗುವುದು ದುಡಿಮೆ.

ಇದು ಹುರಿದುಂಬಿಸಲು ಹೇಳುವ ಮಾತಲ್ಲ, ಲೆಕ್ಕವಿದೆ. ಕೋಣೆಯ ಉಷ್ಣತೆಯಲ್ಲಿ ಶೇ. 15 ಬರಲು ಎರಡು ದಾರಿಗಳ ನಡುವೆ ಮೋಲ್‌ಗೆ ಸುಮಾರು 0.2 ಕಿಲೋಕ್ಯಾಲೊರಿ ವ್ಯತ್ಯಾಸ ಸಾಕು. ಶೇ. 95ಕ್ಕೆ ಸುಮಾರು 2.2. ಈಥೇನ್‌ನಂಥ ಪುಟಾಣಿ ಅಣು ತನ್ನ ನಡುವಿನ ಬಂಧದ ಸುತ್ತ ಗಿರಕಿ ಹೊಡೆಯಲು ದಾಟಬೇಕಾದ ತಡೆ ಸುಮಾರು 3. ಅಂದರೆ ಸೋಲಿಗೂ ಕಾರ್ಖಾನೆಗೂ ಇರುವ ಅಂತರ ಅದಕ್ಕಿಂತಲೂ ಕಡಿಮೆ. ಒಂದು ಮಿಥೈಲ್ ಗುಂಪನ್ನು ಸರಿಯಾದ ಜಾಗದಲ್ಲಿ ಕೂರಿಸಿದರೆ ಗೆಲ್ಲಬಹುದಾದ ದೂರ ಅದು.

ಜಪಾನಿನ ರಿಯೋಜಿ ನೊಯೊರಿ 1966ರಲ್ಲಿ ಕ್ಯೋಟೊದಲ್ಲಿದ್ದಾಗ ಕೈಯುಳ್ಳ ತಾಮ್ರದ ವೇಗವರ್ಧಕದಿಂದ ಪಡೆದ ಇ.ಇ. ಶೇ. 10ಕ್ಕಿಂತ ಕಡಿಮೆ. ಅದೇ ತಾಮ್ರದ ವಿಚಾರವನ್ನು ಸುಮಿಟೊಮೊ ಕಂಪನಿಯ ಅರತಾನಿ ಹಿಡಿದು, ಕೈಯುಳ್ಳ ತುಂಡನ್ನು ತಿದ್ದಿ ತಿದ್ದಿ ಶೇ. 90 ದಾಟಿಸಿದರು. ಆಸ್ಪತ್ರೆಯಲ್ಲಿ ಇಮಿಪೆನೆಮ್ ಆಂಟಿಬಯೋಟಿಕ್ ಜೊತೆ ಕೊಡುವ ಸಿಲಾಸ್ಟಾಟಿನ್‌ನ ತಯಾರಿಕೆಗೆ ಅದು ದಾರಿಯಾಯಿತು.

3. ಒಂದು ವಾಕ್ಯದಲ್ಲಿ ಹೇಳಬಹುದಾದ ಪ್ರಶ್ನೆ ಹಿಡಿಯಿರಿ

ಲಂಡನ್ನಿನ ಜೆಫ್ರಿ ವಿಲ್ಕಿನ್ಸನ್ 1960ರ ದಶಕದ ನಡುವೆ ರೋಡಿಯಂ ಲೋಹದ ಒಂದು ವೇಗವರ್ಧಕ ಕೊಟ್ಟಿದ್ದರು. ದ್ರಾವಣದಲ್ಲಿ ಕರಗಿ, ಜೋಡಿ ಬಂಧಕ್ಕೆ ಹೈಡ್ರೋಜನ್ ಸೇರಿಸುತ್ತಿತ್ತು. ರೋಡಿಯಂ ಸುತ್ತ ಮೂರು ಫಾಸ್ಫೀನ್‌ಗಳು, ಯಾವುದಕ್ಕೂ ಕೈ ಇಲ್ಲ. ರಂಜಕದ ಮೇಲೆಯೇ ಕೈ ಇರುವ ಫಾಸ್ಫೀನ್ ಮಾಡುವುದು ಹೇಗೆಂದು ಹಾರ್ನರ್ ಮತ್ತು ಮಿಸ್ಲೋ ತೋರಿಸಿದ್ದರು. ನೋಲ್ಸ್ ಕೇಳಿದ್ದು ಇಷ್ಟೇ: ಅದನ್ನು ತೆಗೆದು ಇದನ್ನು ಇಟ್ಟರೆ ಏನಾಗುತ್ತದೆ? ಹೆಚ್ಚುಕಡಿಮೆ ಅದೇ ಹೊತ್ತಿಗೆ ಜರ್ಮನಿಯಲ್ಲಿ ಹಾರ್ನರ್ ಕೂಡ ಅದೇ ಪ್ರಶ್ನೆ ಕೇಳಿ ಉತ್ತರ ಪಡೆದರು. ನಿಮ್ಮ ಸಂಶೋಧನಾ ಪ್ರಸ್ತಾವವನ್ನು ಮನೆಯಲ್ಲಿ ಅಮ್ಮನಿಗೆ ಎರಡು ಮಾತಿನಲ್ಲಿ ಹೇಳಲಾಗದಿದ್ದರೆ ಇನ್ನೊಂದು ವಾರ ಅದರ ಮೇಲೆ ಕುಳಿತುಕೊಳ್ಳಿ.

4. ಒಂದು ಸಲಕ್ಕೆ ಒಂದೇ ಬದಲಾವಣೆ

ನೋಲ್ಸ್, ಅವರ ಜೊತೆಗಾರರಾದ ಸಬಾಕಿ, ವಿನ್ಯಾರ್ಡ್ ನಡೆದ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಿ. ರಂಜಕದ ಮೇಲೆ ಮಿಥಾಕ್ಸಿ ಹೊತ್ತ ಉಂಗುರವೊಂದನ್ನು ಕೂರಿಸಿದರು. ಪ್ಯಾಂಪ್ ಎಂಬ ಈ ಫಾಸ್ಫೀನಿನಿಂದ ಶೇ. 50ರಿಂದ 60 ಬಂತು. ಇನ್ನೊಂದು ಪಕ್ಕದ ಫಿನೈಲ್ ಉಂಗುರ ತೆಗೆದು ಸೈಕ್ಲೊಹೆಕ್ಸೈಲ್ ಇಟ್ಟರು. ಅದು ಕ್ಯಾಂಪ್, ಶೇ. 88ರವರೆಗೆ ಹತ್ತಿತು. ಆಮೇಲೆ ಎರಡು ಪ್ಯಾಂಪ್‌ಗಳನ್ನು ಸೇತುವೆ ಕಟ್ಟಿ ಜೋಡಿಸಿದರು; ಅದು ಡೈಪ್ಯಾಂಪ್, ಶೇ. 95. ಪ್ರತಿ ಸಲವೂ ಯಾವುದನ್ನು ಬದಲಿಸಿದ್ದರಿಂದ ಅಂಕಿ ಏರಿತು ಎಂದು ಬೆರಳಿಟ್ಟು ತೋರಿಸಬಹುದು. ಸಾಲ್ವೆಂಟ್, ಉಷ್ಣತೆ, ಲಿಗ್ಯಾಂಡ್ (ಲೋಹಕ್ಕೆ ಅಂಟುವ ಫಾಸ್ಫೀನಿನಂಥ ತುಂಡು) ಮೂರನ್ನೂ ಒಂದೇ ರಾತ್ರಿ ಬದಲಿಸಿದವರಿಗೆ ಮರುದಿನ ಬೆಳಗ್ಗೆ ಏನೂ ತಿಳಿದಿರುವುದಿಲ್ಲ, ಅಂಕಿ ಏರಿದ್ದರೂ ಸಹ.

5. ಪಕ್ಕದವರ ಉಪಾಯವನ್ನು ಸಂಕೋಚವಿಲ್ಲದೆ ಕಲಿಯಿರಿ, ಹೆಸರು ಹೇಳಿ

ಎರಡು ಫಾಸ್ಫೀನ್‌ಗಳನ್ನು ಜೋಡಿಸಿ ರೋಡಿಯಂ ಅನ್ನು ಇಕ್ಕಳದಂತೆ ಹಿಡಿಯುವ ಉಪಾಯವನ್ನು 1971ರಲ್ಲಿ ತೋರಿಸಿದವರು ಫ್ರಾನ್ಸಿನ ಆನ್ರಿ ಕಗಾನ್. ಅವರ ಲಿಗ್ಯಾಂಡ್ ಹುಟ್ಟಿದ್ದು ಟಾರ್ಟಾರಿಕ್ ಆಮ್ಲದಿಂದ. ಹುಣಸೆಹಣ್ಣಿನ ಹುಳಿಯಲ್ಲಿರುವುದೂ ಅದೇ ಆಮ್ಲ. ಕೈ ರಂಜಕದ ಮೇಲೆಯೇ ಇರಬೇಕಿಲ್ಲ, ದೂರದ ಇಂಗಾಲದ ಮೇಲಿದ್ದರೂ ನಡೆಯುತ್ತದೆ ಎಂದು ಅದು ತೋರಿಸಿತು. ನೋಲ್ಸ್ ಕಗಾನರ ದಾರಿ ಕಂಡೇ ಡೈಪ್ಯಾಂಪ್‌ಗೆ ಹೋದರು, ತಮ್ಮ ನೊಬೆಲ್ ಭಾಷಣದಲ್ಲಿ ಅವರ ಹೆಸರನ್ನೂ ಹೇಳಿದರು. ನೋಲ್ಸ್ ಅವರಿಗೆ ಬಂದ 2001ರ ನೊಬೆಲ್ ಕಗಾನರಿಗೆ ಬರಲಿಲ್ಲ. ಅವರಿಗೂ ಬರಬೇಕಿತ್ತು ಎಂದು ನಂಬುವವರಲ್ಲಿ ನಾನೂ ಒಬ್ಬ.

6. ಮೊದಲು ರೇಸಿಮೇಟ್ ಓಡಿಸಿ

ಹನ್ನೆರಡರಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ.

ನಾನು ಪಿಎಚ್‌ಡಿಯ ಮೂರನೇ ವರ್ಷದಲ್ಲಿದ್ದೆ. ಕೀಟೋನನ್ನು ಒಂದೇ ಕೈಯ ಆಲ್ಕೊಹಾಲ್ ಮಾಡುವ ಕೆಲಸ. ಎಂಟು ತಿಂಗಳಿಂದ ಅಂಕಿ ಶೇ. 40ರ ಆಸುಪಾಸಿನಲ್ಲೇ ಇತ್ತು. ಒಂದು ಶುಕ್ರವಾರ ಹೊಸ ಕೀಟೋನ್ ಹಾಕಿದೆ, ಹಳೆಯದಕ್ಕಿಂತ ಒಂದು ಐಸೊಪ್ರೊಪೈಲ್ ಗುಂಪು ಹೆಚ್ಚಿಗೆ. ವರ್ಕಪ್ ಮಾಡಿ, ಕಾಲಂ ಹಾಕಿ, ಸಂಜೆ ಆರಕ್ಕೆ ಎಚ್‌ಪಿಎಲ್‌ಸಿಗೆ, ಅಂದರೆ ಎರಡು ಕೈಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರಕ್ಕೆ, ಸ್ಯಾಂಪಲ್ ಕೊಟ್ಟೆ. ಹದಿಮೂರನೇ ನಿಮಿಷಕ್ಕೆ ಪೀಕ್ ಎದ್ದಿತು. ಎರಡನೆಯದಕ್ಕೆ ಕಾದೆ. ಇಪ್ಪತ್ತು ನಿಮಿಷ, ಮೂವತ್ತು ನಿಮಿಷ, ಬೇಸ್‌ಲೈನ್ ನೆಟ್ಟಗೆ ಹೋಗುತ್ತಲೇ ಇತ್ತು. ಒಂದೇ ಪೀಕ್, ಅಂದರೆ ಒಂದೇ ಕೈ. ಪ್ರಿಂಟ್ ತೆಗೆದ ಕಾಗದ ಕೈಯಲ್ಲಿ ನಡುಗುತ್ತಿತ್ತು. ಊರಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಿದೆ. ಲ್ಯಾಬಿನವರಿಗೆಲ್ಲ ಮೈಸೂರು ಪಾಕ್ ತರಿಸಿದೆ.

ಸೋಮವಾರ ಗೈಡ್ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು: ‘ರೇಸಿಮೇಟ್ ಓಡಿಸಿದ್ಯೇನಪ್ಪಾ?’

‘ಇಲ್ಲ ಸರ್, ಕಾಲಂ ಹಳೇದೇ. ಹಳೇ ಕಾಂಪೌಂಡು ಇದರಲ್ಲಿ ಚೆನ್ನಾಗಿ ಬೇರೆ ಆಗ್ತಿತ್ತು.’

‘ಹಳೇ ಕಾಂಪೌಂಡಿನ ವಿಷಯ ಕೇಳಲಿಲ್ಲ.’

ಸೋಡಿಯಂ ಬೋರೊಹೈಡ್ರೈಡ್ ಹಾಕಿ ಅದೇ ಕೀಟೋನಿನಿಂದ ರೇಸಿಮೇಟ್ ಮಾಡಲು ಅರ್ಧ ಗಂಟೆ ಸಾಕಾಯಿತು. ಅದನ್ನು ಓಡಿಸಿದೆ. ಹದಿಮೂರನೇ ನಿಮಿಷಕ್ಕೆ ಒಂದೇ ಪೀಕ್. ಎರಡು ಕೈಗಳು ಸಮಸಮ ಇದ್ದ ಸ್ಯಾಂಪಲ್ಲೂ ಒಂದೇ ಪೀಕ್ ಕೊಟ್ಟಿತು. ನನ್ನ ಕಾಲಂಗೆ ಈ ಹೊಸ ಅಣುವಿನ ಎರಡು ಕೈಗಳನ್ನು ಬೇರ್ಪಡಿಸುವ ಶಕ್ತಿಯೇ ಇರಲಿಲ್ಲ. ಐಸೊಪ್ರೊಪನಾಲ್ ಅನ್ನು ಶೇ. 10ರಿಂದ 2ಕ್ಕೆ ಇಳಿಸಿದೆ, ಹರಿವನ್ನು ಅರ್ಧ ಮಾಡಿದೆ, ಕೊನೆಗೆ ಕಾಲಂ ಬದಲಿಸಿದೆ. ಗುರುವಾರದ ಹೊತ್ತಿಗೆ ರೇಸಿಮೇಟ್ ಎರಡು ಸಮ ಪೀಕುಗಳಾಗಿ ಎದ್ದಿತು. ಆಮೇಲೆ ಶುಕ್ರವಾರದ ಸ್ಯಾಂಪಲ್ ಓಡಿಸಿದರೆ ಇ.ಇ. ಶೇ. 38.

ಹೊಸ ಅಣು ಬಂದಾಗಲೆಲ್ಲ ಮೊದಲು ಅದರ ರೇಸಿಮೇಟ್ ಮಾಡಿ. ಎರಡು ಪೀಕುಗಳು ಬುಡದವರೆಗೂ ಬೇರೆಯಾಗುವ ತನಕ ಅಸಮ್ಮಿತ ರಿಯಾಕ್ಷನ್ನಿಗೆ ಕೈ ಹಾಕಬೇಡಿ. ಸಾಧ್ಯವಾದರೆ ವೇಗವರ್ಧಕದ ಎದುರು ಕೈಯನ್ನೂ ಬಳಸಿ ರಿಯಾಕ್ಷನ್ ಹಾಕಿ. ದೊಡ್ಡ ಪೀಕ್ ಚಿಕ್ಕದಾಗಿ, ಚಿಕ್ಕದು ದೊಡ್ಡದಾಗಬೇಕು. ಹಾಗಾದರೆ ಮಾತ್ರ ನಿಮ್ಮ ಅಂಕಿಯನ್ನು ನೀವೇ ನಂಬಬಹುದು.

7. ಹರಳಿಗೆ ಅವಕಾಶ ಕೊಡಿ, ಆದರೆ ಅದರ ಗೆಲುವನ್ನು ನಿಮ್ಮದೆನ್ನಬೇಡಿ

ಈ ವಿದ್ಯೆ ಹುಟ್ಟಿದ್ದೇ ಹರಳಿನಿಂದ. 1848ರಲ್ಲಿ ಇಪ್ಪತ್ತೈದರ ಹರೆಯದ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಸೋಡಿಯಂ-ಅಮೋನಿಯಂ ಲವಣದ ಹರಳುಗಳನ್ನು ಚಿಮಟದಲ್ಲಿ ಒಂದೊಂದಾಗಿ ಎತ್ತಿ ಬಲಮುಖದ್ದನ್ನು ಒಂದು ಗುಡ್ಡೆ, ಎಡಮುಖದ್ದನ್ನು ಇನ್ನೊಂದು ಗುಡ್ಡೆ ಮಾಡಿದರು. ಒಂದರ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಹಿರಿಯ ವಿಜ್ಞಾನಿ ಬಿಯೋ ಇದನ್ನು ಸುಮ್ಮನೆ ಒಪ್ಪಲಿಲ್ಲ, ತನ್ನ ಕಣ್ಣೆದುರೇ ಮತ್ತೆ ಮಾಡಿಸಿ ನೋಡಿದರು. ಆ ಲವಣ ಹೀಗೆ ಬೇರೆ ಬೇರೆ ಹರಳಾಗುವುದು ತಂಪಿನಲ್ಲಿ ಮಾತ್ರ. ಸುಮಾರು 27 ಡಿಗ್ರಿ ದಾಟಿದರೆ ಎರಡು ಕೈಗಳೂ ಒಂದೇ ಹರಳಿನಲ್ಲಿ ಸೇರಿಬಿಡುತ್ತವೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಅದು ಸಿಗುತ್ತಿರಲಿಲ್ಲ.

ಇಂದಿಗೂ ಕಾರ್ಖಾನೆಗಳಲ್ಲಿ ಶೇ. 95 ಬಂದದ್ದನ್ನು ಶೇ. 99 ದಾಟಿಸುವುದು ಬಹುಪಾಲು ಹರಳೇ. ನೋಲ್ಸ್ ಅವರ ಎಲ್-ಡೋಪಾ ವಿಧಾನಕ್ಕೂ ಅದರ ನೆರವಿತ್ತು. ಒಂದು ಎಚ್ಚರಿಕೆ: ಇ.ಇ. ಅಳೆಯುವುದು ಹರಳು ಮಾಡುವ ಮುಂಚೆ, ಒಟ್ಟು ಕಚ್ಚಾ ಸ್ಯಾಂಪಲ್ಲಿನಲ್ಲಿ. ಹರಳನ್ನು ಮಾತ್ರ ಅಳೆದು, ಉಳಿದ ತಾಯಿದ್ರಾವಣವನ್ನು ವೇಸ್ಟ್ ಕ್ಯಾನಿಗೆ ಸುರಿದು, ‘ನನ್ನ ವೇಗವರ್ಧಕ ಶೇ. 99 ಕೊಟ್ಟಿತು’ ಎಂದು ಬರೆದರೆ ಅದು ಸುಳ್ಳು ವರದಿ. ಎರಡೂ ಅಂಕಿಗಳನ್ನು ಬರೆಯಿರಿ.

8. ಹಳೆಯ ಸಂಪುಟಗಳ ಧೂಳು ಕೊಡವಿ

ಪ್ರೋಲಿನ್ ಒಂದು ಅಗ್ಗದ ಅಮೈನೊ ಆಮ್ಲ. ಲೋಹವಿಲ್ಲದೆ, ಅದೊಂದರಿಂದಲೇ ಉಂಗುರ ಮುಚ್ಚಿಸಿ ಶೇ. 90ಕ್ಕೂ ಮೀರಿದ ಇ.ಇ. ಪಡೆಯಬಹುದು ಎಂದು ಹಾಯೋಶ್ ಮತ್ತು ಪ್ಯಾರಿಷ್ 1974ರಲ್ಲಿ ಬರೆದರು. ಬರ್ಲಿನ್‌ನ ಶೆರಿಂಗ್ ಕಂಪನಿಯ ಕೆಮಿಸ್ಟರು ಅದಕ್ಕೂ ಮೂರು ವರ್ಷ ಮೊದಲೇ ಅದೇ ಬಗೆಯ ಫಲಿತಾಂಶ ಕೊಟ್ಟಿದ್ದರು. ಸ್ಟಿರಾಯ್ಡ್ ಮಾಡುವವರು ಅದನ್ನು ಬಳಸಿಕೊಂಡರು, ಉಳಿದವರು ಮರೆತರು. ಕಾಲು ಶತಮಾನ ಕಳೆಯಿತು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿದ್ದ ಬೆಂಜಮಿನ್ ಲಿಸ್ಟ್ ಆ ಹಳೆಯ ಕೆಲಸವನ್ನು ನೆನೆದು, ಪ್ರೋಲಿನ್ನಿಗೆ ಅಸಿಟೋನ್ ಮತ್ತು ಆಲ್ಡಿಹೈಡ್ ಕೊಟ್ಟು ನೋಡಿದರು. 2000ದಲ್ಲಿ ಪ್ರಕಟವಾದ ಆ ಪ್ರಯೋಗದಿಂದ 2021ರ ನೊಬೆಲ್ ಬಂತು, 2000ದಲ್ಲೇ ಇನ್ನೊಂದು ಸಾವಯವ ವೇಗವರ್ಧಕವನ್ನು ಕೊಟ್ಟ ಡೇವಿಡ್ ಮ್ಯಾಕ್‌ಮಿಲನ್ ಜೊತೆಗೆ. ಅಸಿಟೋನ್ ಎಂದರೆ ನಾವು ಗಾಜಿನ ಸಾಮಾನು ತೊಳೆಯುವ ದ್ರಾವಕ, ಪ್ರೋಲಿನ್ ಪ್ರತಿ ಲ್ಯಾಬಿನ ಕಪಾಟಿನಲ್ಲೂ ಇರುವ ಬಾಟಲಿ. ಅದನ್ನು ಯಾರು ಬೇಕಾದರೂ ಮಾಡಬಹುದಿತ್ತು ಎನ್ನುವುದು ನನ್ನನ್ನು ಇಂದಿಗೂ ಕಾಡುತ್ತದೆ. ವಾರಕ್ಕೆ ಒಂದು ಸಂಜೆ, ನೀವು ಹುಟ್ಟುವ ಮೊದಲು ಪ್ರಕಟವಾದ ಒಂದು ಪೇಪರನ್ನು ಪೂರ್ತಿ, ಪ್ರಯೋಗದ ಭಾಗದ ಸಮೇತ ಓದಿ.

9. ನೀರನ್ನು ಹೊರಗಿಡಿ

ಬ್ಯಾರಿ ಶಾರ್ಪ್‌ಲೆಸ್ ಮತ್ತು ತ್ಸುತೊಮು ಕಟ್ಸುಕಿ 1980ರಲ್ಲಿ ಟೈಟೇನಿಯಂ ಮತ್ತು ಟಾರ್ಟ್ರೇಟ್ ಬಳಸಿ ಎಪಾಕ್ಸೈಡ್ ಮಾಡುವ ದಾರಿ ಕೊಟ್ಟರು. ಇ.ಇ. ಶೇ. 90ರ ಮೇಲೆ. ತೊಡಕು ಏನೆಂದರೆ, ಅನೇಕ ಅಣುಗಳಿಗೆ ಟೈಟೇನಿಯಂ ಹೆಚ್ಚುಕಡಿಮೆ ಪೂರ್ತಿ ಪ್ರಮಾಣದಲ್ಲಿ ಹಾಕಬೇಕಿತ್ತು. ಆರು ವರ್ಷದ ಮೇಲೆ ಪರಿಹಾರ ಸಿಕ್ಕಿತು: ಫ್ಲಾಸ್ಕಿಗೆ ಒಂದಿಷ್ಟು ಮಾಲಿಕ್ಯುಲರ್ ಸೀವ್ ಪುಡಿ. ಅದು ಕಣ್ಣಿಗೆ ಕಾಣದ ನೀರನ್ನು ಹೀರಿಕೊಂಡಿತು, ಟೈಟೇನಿಯಂ ಶೇ. 5ರಿಂದ 10 ಸಾಕಾಯಿತು. ಜುಲೈ ತಿಂಗಳ ಬೆಂಗಳೂರಿನಲ್ಲಿ ಜನವರಿಯ ಇ.ಇ. ಬರುತ್ತಿಲ್ಲ ಎಂದು ಹುಡುಗರು ಬಂದರೆ ನಾನು ಮೊದಲು ಕೇಳುವುದು ಸೀವ್ ಯಾವಾಗ ಒಲೆಯಲ್ಲಿ ಕಾಯಿಸಿದ್ದು ಎಂದು.

10. ಕನ್ನಡಕ ತೆಗೆಯಬೇಡಿ

ಅದೇ ಶಾರ್ಪ್‌ಲೆಸ್ 1970ರಲ್ಲಿ ಎಂಐಟಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಒಂದು ರಾತ್ರಿ ಮನೆಗೆ ಹೊರಡುವ ಮುನ್ನ ರಕ್ಷಣಾ ಕನ್ನಡಕ ತೆಗೆದಿಟ್ಟು, ವಿದ್ಯಾರ್ಥಿ ಸೀಲ್ ಮಾಡುತ್ತಿದ್ದ ಎನ್‌ಎಂಆರ್ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. ಅದು ಸಿಡಿಯಿತು. ಒಂದು ಕಣ್ಣಿನ ದೃಷ್ಟಿ ಹೋಯಿತು. ಎರಡು ನೊಬೆಲ್ ಪಡೆದ ಮನುಷ್ಯ ಅದನ್ನು ತಾವೇ ಬರೆದು ಎಲ್ಲ ಲ್ಯಾಬುಗಳಿಗೂ ಎಚ್ಚರಿಕೆ ಕೊಟ್ಟಿದ್ದಾರೆ. ಇದಕ್ಕೆ ಸೇರಿಸಲು ನನ್ನ ಬಳಿ ಮಾತಿಲ್ಲ.

11. ಗ್ರಾಂನಲ್ಲಿ ಮಾಡುವಾಗಲೇ ಕೆಜಿಯ ಲೆಕ್ಕ ಹಾಕಿ

ಎಲ್-ಡೋಪಾ ಗೆದ್ದದ್ದು ಡೈಪ್ಯಾಂಪ್ ಒಂದರಿಂದಲೇ ಅಲ್ಲ. ಅದರ ಮೂಲವಸ್ತು ವೆನಿಲಿನ್, ಐಸ್‌ಕ್ರೀಮಿನ ಪರಿಮಳದ ಅದೇ ವೆನಿಲಿನ್. ಅದನ್ನು ಮೊನ್ಸಾಂಟೊ ತಾನೇ ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿತ್ತು. ಕಂಪನಿಗೆ ಆ ರಸಾಯನ ಗೊತ್ತಿತ್ತು, ಕೊಳ್ಳುವವರು ಇದ್ದರು, ರೇಸಿಮೇಟ್ ಮಾಡಿ ಅರ್ಧವನ್ನು ಬೇರ್ಪಡಿಸುವ ಹಳೆಯ ವಿಧಾನದ ಖರ್ಚು ಎಷ್ಟೆಂಬುದೂ ಕಣ್ಣೆದುರಿಗಿತ್ತು. ರೋಡಿಯಂ ಬಲು ದುಬಾರಿ ಲೋಹ, ಆದರೆ ಚಿಟಿಕೆಯಷ್ಟು ವೇಗವರ್ಧಕ ರಾಶಿ ಸರಕನ್ನು ಕೊಡುವುದಾದರೆ ದುಬಾರಿ ಎನಿಸುವುದಿಲ್ಲ.

ಎಸೊಮೆಪ್ರಜೋಲ್ ಇನ್ನೊಂದು ಪಾಠ. ಅಲ್ಲಿ ಕೈ ಇರುವುದು ಇಂಗಾಲದ ಮೇಲಲ್ಲ, ಗಂಧಕದ ಮೇಲೆ. ಸ್ವೀಡನ್ನಿನ ಆಸ್ಟ್ರಾ ಕೆಮಿಸ್ಟರು ಟೈಟೇನಿಯಂ-ಟಾರ್ಟ್ರೇಟ್ ವಿಧಾನ ಹಾಕಿದಾಗ ಮೊದಲು ಸಿಕ್ಕ ಇ.ಇ. ತೀರ ಕಡಿಮೆ. ಅವರು ಹೊಸ ಲಿಗ್ಯಾಂಡ್ ಹುಡುಕಿಕೊಂಡು ಹೋಗಲಿಲ್ಲ. ಟೈಟೇನಿಯಂ ಸಂಕೀರ್ಣವನ್ನು ಸಲ್ಫೈಡ್ ಎದುರಿನಲ್ಲೇ ಬಿಸಿ ಮಾಡಿ ಕಟ್ಟಿದರು, ಜೊತೆಗೆ ಒಂದು ಅಮೈನ್ ಬೇಸ್ ಹಾಕಿದರು. ಇ.ಇ. ಶೇ. 94 ದಾಟಿತು. ಫ್ಲಾಸ್ಕಿಗೆ ಯಾವುದನ್ನು ಮೊದಲು ಹಾಕಬೇಕು ಎಂಬ ಸಣ್ಣ ಸಂಗತಿಯಲ್ಲೂ ಒಂದು ಕಾರ್ಖಾನೆ ಅಡಗಿರುತ್ತದೆ.

ನಿಮ್ಮ ಅತ್ಯುತ್ತಮ ದಾರಿಯನ್ನೂ ಒಂದು ದಿನ ಬಿಟ್ಟುಕೊಡಬೇಕಾಗುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಸಿಟಾಗ್ಲಿಪ್ಟಿನ್ ಈಗ ನಮ್ಮೂರಿನ ಅಂಗಡಿಗಳಲ್ಲೂ ಸಿಗುತ್ತದೆ. ನಮ್ಮ ಮನೆಯಲ್ಲೂ ಒಂದು ಡಬ್ಬಿ ಇದೆ. ಮರ್ಕ್ ಕಂಪನಿ ಅದನ್ನು ರೋಡಿಯಂ ವೇಗವರ್ಧಕದಿಂದ, ಹೆಚ್ಚಿನ ಒತ್ತಡದ ಹೈಡ್ರೋಜನ್‌ನಲ್ಲಿ ಮಾಡುತ್ತಿತ್ತು. ಆ ವಿಧಾನಕ್ಕೆ ಹಸಿರು ರಸಾಯನಶಾಸ್ತ್ರದ ಪ್ರಶಸ್ತಿಯೂ ಬಂದಿತ್ತು. ಅದೇ ಕಂಪನಿ ಕೊಡೆಕ್ಸಿಸ್ ಜೊತೆ ಸೇರಿ ಕಿಣ್ವವೊಂದನ್ನು ತಿದ್ದಲು ಹೊರಟಿತು. ಮೂಲ ಕಿಣ್ವ ಆ ದೊಡ್ಡ ಕೀಟೋನನ್ನು ಮುಟ್ಟುತ್ತಲೇ ಇರಲಿಲ್ಲ. ಸುತ್ತು ಸುತ್ತಾಗಿ ಬದಲಿಸಿ, 27 ಜಾಗಗಳಲ್ಲಿ ಅಮೈನೊ ಆಮ್ಲ ಬದಲಾದ ಕಿಣ್ವವನ್ನು 2010ರಲ್ಲಿ ಪ್ರಕಟಿಸಿದರು. ಇ.ಇ. ಶೇ. 99.95ಕ್ಕೂ ಮೇಲೆ, ಲೋಹದ ಕಲ್ಮಶವಿಲ್ಲ, ತ್ಯಾಜ್ಯ ಶೇ. 19 ಕಡಿಮೆ. ಬಹುಮಾನ ಪಡೆದ ತಮ್ಮದೇ ವಿಧಾನವನ್ನು ಬದಿಗಿಟ್ಟವರ ಮನಸ್ಸನ್ನು ನಾನು ಬಹಳ ಗೌರವಿಸುತ್ತೇನೆ.

12. ಇವತ್ತಿನದನ್ನು ಇವತ್ತೇ ಬರೆಯಿರಿ

ಬೆಳಕಿನ ತಿರುವನ್ನು ಬರೆಯುವಾಗ ಬರೀ ‘ಪ್ಲಸ್ 24’ ಎಂದು ಬರೆದರೆ ಅರ್ಥವಿಲ್ಲ. ಯಾವ ದ್ರಾವಕ, ನೂರು ಎಂಎಲ್‌ಗೆ ಎಷ್ಟು ಗ್ರಾಂ, ಎಷ್ಟು ಡಿಗ್ರಿ, ಎಲ್ಲ ಬೇಕು. ಎಲ್-ಆಸ್ಪಾರ್ಟಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಕಾಯಿಸುತ್ತಾ ಹೋದರೆ ಬಲಕ್ಕಿದ್ದ ತಿರುವು ಎಡಕ್ಕೆ ಹೊರಳುತ್ತದೆ, ಅಣುವಿನ ಕೈ ಮಾತ್ರ ಅದೇ. ಉಷ್ಣತೆ ಬರೆಯದವರು ಕೈ ಬದಲಾಯಿತೆಂದೇ ನಂಬುತ್ತಾರೆ. ಸೀವ್ ಪ್ಯಾಕೆಟ್ ತೆರೆದ ದಿನಾಂಕ, ಲಿಗ್ಯಾಂಡ್ ಬಾಟಲಿಯ ಬ್ಯಾಚ್ ನಂಬರ್, ಆ ದಿನ ಮಳೆ ಬರುತ್ತಿತ್ತೇ ಎಂಬುದು, ಕೊನೆಗೆ ಬಂದ ಸಣ್ಣ ಅಂಕಿ, ಎಲ್ಲವನ್ನೂ ಬರೆಯಿರಿ. ನೋಲ್ಸ್ 1986ರಲ್ಲಿ ನಿವೃತ್ತರಾದರು. ನೊಬೆಲ್ ಸುದ್ದಿ ಬಂದಾಗ ಅವರಿಗೆ 84 ವರ್ಷ, ಕೆಲಸ ಬಿಟ್ಟು ಹದಿನೈದು ವರ್ಷ ಕಳೆದಿತ್ತು. ಅಷ್ಟು ಹಿಂದಿನ ಶೇ. 15 ಅಂದೇ ಬರೆದು ಪ್ರಕಟಿಸಿದ್ದರಿಂದ ಉಳಿದಿತ್ತು.

ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎರಡು ಕಾಗದಗಳನ್ನು ಅಂಟಿಸಿದ್ದೇನೆ. ಎಡಕ್ಕೆ ಆ ಶುಕ್ರವಾರದ ಒಂಟಿ ಪೀಕ್, ಬಲಕ್ಕೆ ಗುರುವಾರದ ರೇಸಿಮೇಟಿನ ಜೋಡಿ ಪೀಕು, ಕೆಳಗೆ ಗೈಡ್ ಕೈಬರಹದಲ್ಲಿ ಕಾಲಂ ನಂಬರ್ ಮತ್ತು ದಿನಾಂಕ. ಲ್ಯಾಬಿಗೆ ಹೊಸಬರು ಬಂದ ಮೊದಲ ದಿನ, ಫ್ಲಾಸ್ಕ್ ತೋರಿಸುವ ಮೊದಲು, ಆ ಪುಟ ತೆಗೆದು ಅವರ ಮುಂದಿಡುತ್ತೇನೆ.